ನೂಲುದೂಳಿನ ಮೇಲೆ ನಾಲ್ಕನೆಯ ಹೆಜ್ಜೆ

ಡೈಸಿಯನ್ನು ಕಾರಿನಿಂದ ಇಳಿಸುವ ಮೊದಲೇ ಬೀದಿನಾಯಿಗಳ ರೆಸ್ಕ್ಯೂ ಗುಂಪಿನ ಹುಡುಗಿ ಡಾಕ್ಟರ ಮಾತನ್ನು ನನಗೆ ಒಪ್ಪಿಸಿದಳು.

"ಆಂಟಿ, ಇದು ನೀವು ಹಿಂದೆ ನೋಡಿಕೊಂಡ ಕೇಸ್‌ಗಳ ಥರ ಅಲ್ಲ. ಪ್ಲೇಟ್ ಇಲ್ಲ, ಸ್ಕ್ರೂ ಇಲ್ಲ. ತೊಡೆಮೂಳೆಯ ತುದಿಯ ಗುಂಡು ಪುಡಿಯಾಗಿತ್ತು. ಅದನ್ನೇ ಕತ್ತರಿಸಿ ತೆಗೆದಿದ್ದಾರೆ. ಇನ್ನು ಮಾಂಸವೇ ಕೀಲಿನ ಕೆಲಸ ಮಾಡಬೇಕು. ಅವಳು ಕಾಲು ಊರಿದರೆ ಮಾತ್ರ ಅದು ಆಗೋದು."

"ಊರದಿದ್ದರೆ?"

"ಬಿಗಿದುಕೊಳ್ಳುತ್ತೆ. ತೊಡೆ ಒಣಗುತ್ತೆ. ಆಮೇಲೆ ಕಾಲನ್ನೇ ತೆಗೀಬೇಕಾಗುತ್ತೆ."

ಕಾರಿನ ಹಿಂದಿನ ಸೀಟಿನಲ್ಲಿ ಕಂದು ಬಣ್ಣದ ಒಂದು ಹೆಣ್ಣುನಾಯಿ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿಕೊಂಡು ನನ್ನನ್ನು ನೋಡುತ್ತಿತ್ತು. ಬಲ ಹಿಂಗಾಲಿನ ಮೇಲೆ ಕೂದಲನ್ನೆಲ್ಲ ಬೋಳಿಸಿ, ಹೊಲಿಗೆ ಹಾಕಿದ್ದರು. ನನ್ನ ಎದೆ ಢವಢವ ಅಂದದ್ದು ನಿಜ. ಹೆದರಿಕೆಯಿಂದಲ್ಲ. ಈ ವಯಸ್ಸಿನಲ್ಲೂ ನನ್ನನ್ನು ನಂಬಿ ಯಾರೋ ಒಂದು ಕಷ್ಟದ ಕೆಲಸ ಕೊಟ್ಟರಲ್ಲ ಎಂಬ ಎಕ್ಸೈಟ್‌ಮೆಂಟಿನಿಂದ.

ನಮ್ಮ ಮನೆ ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿದೆ. ಮುಂದೆ ಮನೆ, ಹಿಂದೆ ನನ್ನ ತಮ್ಮನ ಪವರ್‌ಲೂಮ್ ಶೆಡ್. ಮಧ್ಯೆ ಒಂದು ಸಣ್ಣ ಅಂಗಳ. ಮನೆಯಲ್ಲಿ ನಾನು, ತಮ್ಮ, ಅವನ ಹೆಂಡತಿ. ಮಗ್ಗಗಳ ಸದ್ದು ಗೋಡೆ, ಪಾತ್ರೆ, ಹಲ್ಲು ಎಲ್ಲದರೊಳಗೂ ಸದಾ ಇರುತ್ತದೆ. ನಾವು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹೊರಗಿನಿಂದ ಬಂದವರು "ಇದರಲ್ಲಿ ಹೇಗೆ ಇರ್ತೀರಿ" ಅಂದಾಗಲೇ ಸದ್ದಿದೆ ಎಂದು ನೆನಪಾಗುವುದು.

ಅದಕ್ಕೇ ನನ್ನ ಮೊದಲ ಕೆಲಸ ಸದ್ದನ್ನು ಅಡಗಿಸುವುದು ಎಂದು ತೀರ್ಮಾನಿಸಿದೆ. ಡಾಕ್ಟರು ಹೇಳಿದ್ದು "ಸ್ಟ್ರೆಸ್ ಕೊಡಬೇಡಿ" ಎಂದಷ್ಟೆ. ಅದನ್ನು "ಸೈಲೆನ್ಸ್" ಎಂದು ಓದಿಕೊಂಡದ್ದು ನಾನು. ನಾನು ಓದಿದ್ದು ಕೊಯಮತ್ತೂರಿನ ಕಾನ್ವೆಂಟಿನಲ್ಲಿ. ನಮ್ಮ ಮನೆಮಾತು ಕನ್ನಡ, ಅದರ ಅಕ್ಷರ ಅಪ್ಪ ಮನೆಯಲ್ಲಿ ತಿದ್ದಿಸಿದ್ದು. ಕಾನ್ವೆಂಟಿನಲ್ಲಿ ಜ್ವರ ಬಂದ ಮಕ್ಕಳಿಗೆಂದು ಒಂದು ಇನ್‌ಫರ್ಮರಿ ಇತ್ತು. ಬಿಳಿ ಕರ್ಟನ್, ಫಿನಾಯಿಲ್ ವಾಸನೆ, ಬಾಗಿಲ ಮೇಲೆ ಸೈಲೆನ್ಸ್ ಎಂಬ ಬೋರ್ಡು. ಅಲ್ಲಿನ ಸಿಸ್ಟರ್ ರಬ್ಬರ್ ಸೋಲಿನ ಚಪ್ಪಲಿಯಲ್ಲಿ ನೆಲಕ್ಕೂ ಗೊತ್ತಾಗದ ಹಾಗೆ ನಡೆಯುತ್ತಿದ್ದರು. ಮಗ್ಗದ ಮನೆಯಿಂದ ಹೋದ ನನಗೆ ಆ ನಿಶ್ಶಬ್ದವೇ ಒಂದು ಔಷಧಿಯಂತೆ ಕಂಡಿತ್ತು. ಇವತ್ತಿಗೂ ಅದು ನೆನಪಾದರೆ ಹಣೆಯ ಮೇಲೆ ಯಾರೋ ತಣ್ಣನೆಯ ಕೈ ಇಟ್ಟ ಹಾಗಾಗುತ್ತದೆ.

ಆ ಇನ್‌ಫರ್ಮರಿಯನ್ನೇ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಟ್ಟಲು ಹೊರಟೆ. ಕಿಟಕಿಗೆ ದಪ್ಪ ಬೆಡ್‌ಶೀಟ್ ಇಳಿಬಿಟ್ಟೆ. ಅಂಗಳದ ಕಡೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಸಾಲದ್ದಕ್ಕೆ ತಮ್ಮನನ್ನು ಕರೆದು ಮನೆಯ ಕಡೆಗಿದ್ದ ಎರಡು ಮಗ್ಗಗಳನ್ನು ನಿಲ್ಲಿಸಲು ಹೇಳಿದೆ.

"ನಾಯಿಗೋಸ್ಕರನಾ ಅಕ್ಕಾ?"

"ಪೇಶಂಟ್‌ಗೋಸ್ಕರ."

"ನಂಗೆ ಹರ್ನಿಯಾ ಆಪರೇಷನ್ ಆದಾಗ ಒಂದು ಮಗ್ಗಾನೂ ನಿಲ್ಸಿಲ್ವಲ್ಲ."

"ನೀನು ಕೇಳಲಿಲ್ಲ."

"ಡೈಸಿ ಕೇಳಿದ್ಲಾ?"

ಆದರೂ ನಿಲ್ಲಿಸಿದ. ಸಣ್ಣವನಿದ್ದಾಗಿನಿಂದಲೂ ನನ್ನ ಮಾತಿಗೆ ಗೊಣಗುತ್ತಲೇ ತಲೆಯಾಡಿಸುವ ಅಭ್ಯಾಸ ಅವನದು.

ಇನ್ನು ಕೆಲಸದ ವಿಷಯ. ಮೊದಮೊದಲು ಹೊಲಿಗೆಯ ಸುತ್ತ ಐಸ್ ಇಡುವುದು, ನೇರ ಚರ್ಮಕ್ಕೆ ತಾಗದ ಹಾಗೆ ಟವಲ್ ಸುತ್ತಿ. ನೋವಿನ ಮಾತ್ರೆಯನ್ನು ಮೊಸರನ್ನದ ಉಂಡೆಯೊಳಗೆ ಅಡಗಿಸಿ ಕೊಡುವುದು. ಊತ ಇಳಿದ ಮೇಲೆ ಬಿಸಿ ಉಪ್ಪಿನ ಗಂಟಿನಿಂದ ತೊಡೆಗೆ ಶಾಖ. ಅದಾದ ಮೇಲೆ ಅವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಒಂದು ಕೈ ಮಂಡಿಯ ಕೆಳಗೆ, ಒಂದು ಕೈ ಸೊಂಟದ ಮೇಲೆ ಇಟ್ಟು ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ, ಮುಂದಕ್ಕೆ. ಕೊನೆಗೆ ಸೈಕಲ್ ತುಳಿಸುವ ಹಾಗೆ ಸುತ್ತ ತಿರುಗಿಸುವುದು. ನೋವಾದರೆ ನಾಯಿ ಕಿರುಚಬೇಕೆಂದಿಲ್ಲ. ಉಸಿರು ಬಿಗಿಹಿಡಿಯುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಅಲ್ಲೇ ನಿಲ್ಲಿಸಬೇಕು.

ನಡೆಸುವುದಕ್ಕೆ ಹೊಟ್ಟೆಯ ಕೆಳಗೊಂದು ಜೋಲಿ. ಅದಕ್ಕೆ ನಮ್ಮ ಶೆಡ್ಡಿನದೇ ಕೋರಾ ಬಟ್ಟೆ, ಬ್ಲೀಚ್ ಕಾಣದ, ಗಂಜಿ ಬಿಟ್ಟಿರದ ಒರಟು ಬಟ್ಟೆ. ಎರಡು ತುದಿಯನ್ನೂ ನಾನು ಮೇಲೆ ಎತ್ತಿ ಹಿಡಿದು ಅವಳ ಹಿಂಬದಿಯ ಭಾರವನ್ನು ಸ್ವಲ್ಪ ಹೊತ್ತುಕೊಳ್ಳಬೇಕು. ಮುಖ್ಯವಾದ ಸಂಗತಿ ವೇಗ. ಅವಸರ ಮಾಡಿದರೆ ನಾಯಿ ಮೂರು ಕಾಲಲ್ಲಿ ಕುಂಟಿಕೊಂಡು ಓಡಿಬಿಡುತ್ತದೆ. ತೀರಾ ನಿಧಾನ ಮಾಡಿದರೆ ಬ್ಯಾಲೆನ್ಸ್ ತಪ್ಪಿ, ಬೇರೆ ದಾರಿಯಿಲ್ಲದೆ ನಾಲ್ಕನೆಯದನ್ನು ಊರುತ್ತದೆ. ನಿಧಾನ ನಡೆಯುವುದಕ್ಕೆ ನನಗಿಂತ ಒಳ್ಳೆಯ ಟ್ರೈನರ್ ಎಲ್ಲಿ ಸಿಗಬೇಕು?

ಎಲ್ಲವನ್ನೂ ಸರಿಯಾಗಿ ಮಾಡಿದೆ. ಡೈಸಿ ಮಾತ್ರ ಕಾಲು ಊರಲಿಲ್ಲ.

ಬಂದ ದಿನ ಗಬಗಬ ತಿಂದವಳು ಆಮೇಲೆ ತಟ್ಟೆಯ ಮುಂದೆ ಮುಖ ತಿರುಗಿಸಿದಳು. ನಿದ್ದೆ ಮಾಡುತ್ತಿರಲಿಲ್ಲ. ತಲೆ ಕೆಳಗಿಟ್ಟರೂ ಕಣ್ಣು ತೆರೆದೇ ಇರುತ್ತಿತ್ತು. ರಸ್ತೆಯಲ್ಲಿ ಒಂದು ಸೈಕಲ್ ಬೆಲ್ ಹೊಡೆದರೆ ಮೈಯೆಲ್ಲ ಅದುರುತ್ತಿತ್ತು. ನನಗೆ ಕಂಡದ್ದು ಒಂದೇ ಪರಿಹಾರ, ಇನ್ನೂ ಸೈಲೆನ್ಸ್. ಕುಕ್ಕರ್ ಕೂಗುವ ಮೊದಲೇ ಗ್ಯಾಸ್ ಆರಿಸಿದೆ. ಕಾಲಿಂಗ್ ಬೆಲ್ಲಿನ ವೈರ್ ಬಿಡಿಸಿದೆ.

"ಅತ್ತಿಗೆ, ಬೇಳೆ ಬೆಂದಿಲ್ಲ," ಎಂದಳು ತಮ್ಮನ ಹೆಂಡತಿ. ಅವಳಿಗೆ ನಾಯಿಯನ್ನು ಮನೆಯೊಳಗೆ ಸೇರಿಸಿದ್ದೇ ಇಷ್ಟವಿರಲಿಲ್ಲ. "ಡೈಸಮ್ಮನವರಿಗೆ ತೊಂದರೆ ಆಗಬಾರ್ದು ಅಂತ ನಾವೆಲ್ಲ ಅರೆಬೆಂದ ಸಾಂಬಾರ್ ತಿಂದ್ಕೊಂಡು ಸನ್ನೆಯಲ್ಲೇ ಮಾತಾಡೋದಾ?"

ಹೊಲಿಗೆ ಬಿಚ್ಚಿಸಲು ಕೊಯಮತ್ತೂರಿಗೆ ಹೋದಾಗ ಆಪರೇಷನ್ ಮಾಡಿದ್ದ ಡಾಕ್ಟರಮ್ಮ ಟೈಲರ್ ಟೇಪ್ ತೆಗೆದು ಎರಡು ತೊಡೆಯ ಸುತ್ತಳತೆಯನ್ನೂ ನೋಡಿದರು. ಬಲದ್ದು ಎದ್ದು ಕಾಣುವಷ್ಟು ಸಣಕಲಾಗಿತ್ತು. ಗಾಯ ಚೆನ್ನಾಗಿ ಮಾಗಿತ್ತು, ಅದರ ಬಗ್ಗೆ ದೂರಿಲ್ಲ. ಸೊಂಟವನ್ನು ಹಿಂದಕ್ಕೆ ಚಾಚಿದರೆ ಅರ್ಧ ದಾರಿಗೇ ತಡೆ.

"ನೀವು ಮಾಡ್ತಿರೋದ್ರಲ್ಲಿ ತಪ್ಪಿಲ್ಲ ಮೇಡಂ," ಎಂದರು ಅವರು. "ಅವಳಿಗೆ ಮನಸ್ಸಿಲ್ಲ. ಮುಂದಿನ ರಿವ್ಯೂಗೂ ಹೀಗೇ ಇದ್ದರೆ ಕಾಲು ತೆಗೆಯೋದನ್ನ ಮಾತಾಡೋಣ. ಮೂರು ಕಾಲಲ್ಲೂ ನಾಯಿಗಳು ಸಂತೋಷವಾಗಿರ್ತವೆ."

ಇರಬಹುದು. ಆದರೆ ಆ ಕಾಲು ಸತ್ತಿರಲಿಲ್ಲ. ನಾನು ಬೆರಳ ಸಂದಿಗೆ ಕಚಗುಳಿಯಿಟ್ಟರೆ ಪಂಜ ಎಳೆದುಕೊಳ್ಳುತ್ತಿತ್ತು. ಬದುಕಿರುವ ಕಾಲನ್ನು ಬಿಟ್ಟುಕೊಡುವುದು ಹೇಗೆ?

ಮರಳಿ ಬಂದ ಮೇಲೆ ನಮ್ಮ ಮುಂದಿನ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದುಬಿಟ್ಟರು. ಗೇಟಿನ ಹೊರಗೆ ಮಣ್ಣಿನ ಗುಡ್ಡ. ವಾಕಿಂಗ್ ಎಲ್ಲಿ? ಬೇರೆ ದಾರಿ ಕಾಣದೆ ಅಂಗಳದ ಬಾಗಿಲಿನ ಬಟ್ಟೆ ಕಿತ್ತು, ಜೋಲಿ ಹಿಡಿದು, ಡೈಸಿಯನ್ನು ಹಿಂದಕ್ಕೆ ಕರೆದುಕೊಂಡು ಹೋದೆ.

ಬಾಗಿಲು ತೆರೆದದ್ದೇ ಮಗ್ಗಗಳ ಸದ್ದು ಮುಖಕ್ಕೆ ಬಡಿಯಿತು. ಅವಳು ಹೆದರುತ್ತಾಳೆಂದು ನಾನು ಬಗ್ಗಿ ಕಿವಿ ಮುಚ್ಚಲು ಹೋದೆ. ಅವಳ ಎರಡು ಕಿವಿಯೂ ಶೆಡ್ಡಿನ ಕಡೆ ನೆಟ್ಟಗಾಗಿದ್ದವು. ಬಾಲ ಆಡಿತು. ನಮ್ಮ ಮನೆಗೆ ಬಂದ ಮೇಲೆ ಅವಳ ಬಾಲ ಆಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಜೋಲಿ ನನ್ನ ಕೈಯಿಂದ ಜಾರುವ ಹಾಗೆ ಎಳೆದಳು. ಶೆಡ್ಡಿನ ಹೊಸ್ತಿಲ ಹತ್ತಿರ ನಿಂತು, ಒಳಗೆ ಮೂಗು ಚಾಚಿ, ಆಯ ತಪ್ಪಿದಂತಾಗಿ, ಬಲಗಾಲಿನ ಬೆರಳ ತುದಿಯನ್ನು ನೆಲಕ್ಕೆ ತಾಗಿಸಿದಳು.

ತಾಗಿಸಿದಳು, ಎತ್ತಿಕೊಂಡಳು. ಅಷ್ಟೆ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ರೆಸ್ಕ್ಯೂ ಹುಡುಗಿಗೆ ಫೋನ್ ಮಾಡಿದೆ. "ಮಗೂ, ಡೈಸಿ ನಿಮಗೆ ಸಿಕ್ಕಿದ್ದು ಎಲ್ಲಿ?"

"ಪಲ್ಲಡಂ ಹತ್ತಿರ ಆಂಟಿ. ಸಾಲಾಗಿ ಲೂಮ್ ಶೆಡ್‌ಗಳಿವೆಯಲ್ಲ, ಆ ಓಣಿಯಲ್ಲಿ. ಒಂದು ಶೆಡ್ಡೊಳಗೇ ಹುಟ್ಟಿ ಬೆಳೆದವಳಂತೆ. ನೂಲಿನ ಟೆಂಪೋ ರಿವರ್ಸ್ ತೆಗೆಯುವಾಗ ಸಿಕ್ಕಿಕೊಂಡಳು. ಯಾಕೆ?"

ನಮ್ಮ ಮನೆಯಲ್ಲಿ ನಡುರಾತ್ರಿ ಕರೆಂಟ್ ಹೋಗಿ ಮಗ್ಗ ನಿಂತರೆ ಎಲ್ಲರಿಗೂ ಒಟ್ಟಿಗೆ ಎಚ್ಚರವಾಗುತ್ತದೆ. ತಮ್ಮ ಕೂಸಾಗಿದ್ದಾಗ ಅಮ್ಮ ಅವನನ್ನು ಶೆಡ್ಡಿನಲ್ಲೇ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದರು. ಸದ್ದು ನಿಂತರೆ ಅಳುತ್ತಿದ್ದ. ನಾನೇ ಕಾನ್ವೆಂಟ್ ಹಾಸ್ಟೆಲಿನ ಮೊದಲ ರಾತ್ರಿ ಕಿವಿಯೊಳಗೆ ಗುಂಯ್ ಅನ್ನುವ ಖಾಲಿತನಕ್ಕೆ ಹೆದರಿ ಕೂತಿದ್ದೆ. ಇನ್‌ಫರ್ಮರಿಯ ಸುಖ ಆಮೇಲೆ ಕಲಿತದ್ದು. ಮೊದಲನೆಯದನ್ನು ಮರೆತು, ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಸದ್ದಿನಲ್ಲೇ ಕಣ್ಣು ಬಿಟ್ಟ ಪ್ರಾಣಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೂಡಿಹಾಕಿ, ಅದು ನಡೆಯಲಿಲ್ಲ ಎಂದು ಕೊರಗುತ್ತಿದ್ದೆ.

ಡೈಸಿಯನ್ನು ಶೆಡ್ಡಿನಲ್ಲೇ ಇಟ್ಟುಕೊಳ್ಳಬಹುದೇ ಎಂದು ಫೋನ್ ಮಾಡಿ ಡಾಕ್ಟರಮ್ಮನನ್ನು ಕೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ದೂಳು, ಮೋಟಾರಿನ ಬೆಲ್ಟು, ಎಣ್ಣೆಯ ನೆಲ, ಕಿವಿ. ಒಂದೊಂದಾಗಿ ಹೇಳಿದರು. ಒಂದೂ ತಳ್ಳಿಹಾಕುವಂಥದ್ದಲ್ಲ. "ನಿಮ್ಮ ಜವಾಬ್ದಾರಿ ಮೇಡಂ. ಮತ್ತೆ ಜಾರಿ ಬಿದ್ದರೆ ಮಾಡಿದ್ದೆಲ್ಲ ಹಾಳು," ಎಂದರು.

ಫೋನ್ ಇಟ್ಟು ತಮ್ಮನ ಹತ್ತಿರ ಹೋಗಿ, "ಆ ಎರಡು ಮಗ್ಗ ಓಡಿಸು. ಪೇಶಂಟ್ ಶೆಡ್ಡಿಗೆ ಬರ್ತಾಳೆ," ಎಂದೆ.

ಅವನು ನನ್ನನ್ನೂ ನಾಯಿಯನ್ನೂ ನೋಡಿದ. "ಮೊದಲು ಅವಳಿಗೋಸ್ಕರ ನಿಲ್ಸು ಅಂದೆ. ಈಗ ಅವಳಿಗೋಸ್ಕರ ಓಡ್ಸು ಅಂತೀಯ. ನಾಳೆ ಸೀರೆ ನೆಯ್ದು ಕೊಡು ಅಂತಾಳಾ?"

ಆದರೆ ಜಾಗ ಹುಡುಕಿಕೊಟ್ಟವನು ಅವನೇ. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಯಾವಾಗಲಾದರೂ ಮಗ್ಗದಿಂದ ಹಾರಿದರೆ ಎಡಕ್ಕೋ ಬಲಕ್ಕೋ ಹಾರುತ್ತದೆ. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮುಂಭಾಗಕ್ಕೆ ಬರುವುದು ತೀರಾ ಅಪರೂಪ. ಬಾಗಿಲ ಪಕ್ಕದ ಮೂಲೆಯಲ್ಲಿ, ಆ ಮುಂಭಾಗದ ಕಡೆಗೆ, ಅವಳಿಗೆ ಮಲಗಲು ಒಂದು ಪಂಜರ ಇಟ್ಟು ಮೇಲೆ ತೆಳುಬಟ್ಟೆ ಹೊದಿಸಿದೆವು. ಬೆಲ್ಟುಗಳ ಕಡೆ ತಂತಿಬಲೆ. ಗೋಡೆಯುದ್ದಕ್ಕೂ ನಡೆಯಲು ಒಂದು ಓಣಿ ಬಿಟ್ಟು, ಎಣ್ಣೆಯ ಕಲೆಯನ್ನೆಲ್ಲ ಸೋಪುಪುಡಿ ಹಾಕಿ ನಾನೇ ಉಜ್ಜಿದೆ. ಒರಟು ಸಿಮೆಂಟು ನೆಲ. ಮನೆಯ ಟೈಲ್ಸಿನ ಹಾಗೆ ಜಾರುವುದಿಲ್ಲ. ಇದೂ ನನಗೆ ಮೊದಲೇ ಹೊಳೆಯಬೇಕಿತ್ತು.

ಆ ಮಧ್ಯಾಹ್ನ ಡೈಸಿ ತಟ್ಟೆ ನೆಕ್ಕಿ ಮುಗಿಸಿ, ಮಗ್ಗಗಳ ಮಧ್ಯೆ, ಕಣ್ಣು ಮುಚ್ಚಿ ಗೊರಕೆ ಹೊಡೆದಳು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇವ್ಳು ನಮ್ ಜಾತಿಯವ್ಳೇ," ಎಂದು ಹೋದಳು.

ಅಲ್ಲಿಂದ ನಮ್ಮ ಕೆಲಸಕ್ಕೆ ರೆಕ್ಕೆ ಬಂತು ಎಂದೇ ಹೇಳಬೇಕು. ಸೈಕಲ್ ತುಳಿಸುವಾಗ ಮಗ್ಗದ ಖಟ್-ಖಟಕ್ಕೆ ನನ್ನ ಕೈ ತಾನಾಗಿ ಹೊಂದಿಕೊಳ್ಳುತ್ತಿತ್ತು. ಅವಳ ಉಸಿರೂ ಹೊಂದಿಕೊಳ್ಳುತ್ತಿತ್ತು. ಓಣಿಯಲ್ಲಿ ಜೋಲಿ ಹಿಡಿದು ಆಮೆಯ ಹಾಗೆ ಹೋಗುವುದು, ತಿರುಗುವುದು, ಬರುವುದು. ನೂಲಿನ ಖಾಲಿ ಕೋನ್‌ಗಳ ಮೇಲೆ ಬಿದಿರಿನ ಕಡ್ಡಿ ಇಟ್ಟು ಅವಳನ್ನು ದಾಟಿಸುವುದು. ದಾಟಬೇಕಾದರೆ ಪ್ರತಿ ಕಾಲನ್ನೂ ಎತ್ತಿ ಇಡಲೇಬೇಕು.

ಕಣ್ಣಿಗೆ ಮಾತ್ರ ನಂಬಿಕೆ ಬರುತ್ತಿರಲಿಲ್ಲ. ಅವಳು ಊರಿದಳೋ, ಸುಮ್ಮನೆ ಗಾಳಿಯಲ್ಲಿ ಆಡಿಸಿದಳೋ? ಜೋಲಿ ಹಿಡಿದು ಬಗ್ಗಿದವಳಿಗೆ ಹಿಂಗಾಲು ಕಾಣುವುದಿಲ್ಲ. ಆಗ ನೆಲ ಉತ್ತರ ಕೊಟ್ಟಿತು. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ನವಿರೂ ಗಂಜಿಯ ಪುಡಿಯೂ ಸೇರಿ ಬಿಳೀ ದೂಳು ಸದಾ ಇಳಿಯುತ್ತಿರುತ್ತದೆ, ಜರಡಿ ಹಿಡಿದ ಹಿಟ್ಟಿನಂತೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಬಿಳಿ. ಒಂದು ದಿನ ಓಣಿಯ ಕೊನೆಯಲ್ಲಿ ತಿರುಗಿ ನೋಡಿದೆ. ನನ್ನ ಚಪ್ಪಲಿಯ ಗುರುತಿನ ಪಕ್ಕದಲ್ಲಿ ಅವಳ ಪಂಜದ ಗುರುತುಗಳು ಸಾಲಾಗಿ ಬಿದ್ದಿದ್ದವು. ಮೂರು ಸ್ಪಷ್ಟ ಹೂವು. ನಾಲ್ಕನೆಯ ಜಾಗದಲ್ಲಿ, ಅಲ್ಲೊಂದು ಇಲ್ಲೊಂದು, ಎರಡು ಚುಕ್ಕಿ.

ಎರಡು ಬೆರಳು.

"ಈ ಓಣಿ ಯಾರೂ ಗುಡಿಸಬಾರದು," ಎಂದು ಆರ್ಡರ್ ಹೊರಡಿಸಿದೆ. ಗುಡಿಸುವುದು ನನ್ನೊಬ್ಬಳ ಕೆಲಸ, ವಾಕಿಂಗ್ ಮುಗಿಸಿ ಗುರುತು ನೋಡಿದ ಮೇಲೆ. ಪ್ರತಿ ಸಲ ರಿಸಲ್ಟ್ ಶೀಟ್ ನೋಡುವ ಹುಡುಗಿಯ ಹಾಗೆ ತಿರುಗಿ ನೋಡುತ್ತಿದ್ದೆ. ಎರಡು ಚುಕ್ಕಿ ಮೂರಾಯಿತು. ನಾಲ್ಕಾಯಿತು. ಕೊನೆಗೆ ಹಿಂದೆ ಮಸುಕಾಗಿ ಅಂಗಾಲಿನ ದಿಂಬು. ತಮ್ಮನ ಹೆಂಡತಿಗೂ ಹುಚ್ಚು ಹಿಡಿಯಿತು. ಊಟಕ್ಕೆ ಕರೆಯುವ ನೆಪದಲ್ಲಿ ಬಂದು ಮೊದಲು ನೆಲ ನೋಡುತ್ತಿದ್ದಳು. "ಅತ್ತಿಗೆ, ಇವತ್ತು ಹೂವು ಪೂರ್ತಿ ಅರಳಿದೆ."

ಅಷ್ಟರಲ್ಲಿ ಅಮಾವಾಸ್ಯೆ ಬಂತು. ನಮ್ಮವರು ಅಮಾವಾಸ್ಯೆ ದಿನ ಮಗ್ಗ ಓಡಿಸುವುದಿಲ್ಲ. ಮಗ್ಗಕ್ಕೆ ಪೂಜೆ, ಆಳುಗಳಿಗೆ ರಜೆ. ಬೆಳಿಗ್ಗೆ ಶೆಡ್ ಮೌನವಾಗಿತ್ತು. ಡೈಸಿ ಮೂಲೆಗೆ ಒತ್ತಿಕೊಂಡು, ಬಲಗಾಲನ್ನು ಹೊಟ್ಟೆಗೆ ಸೇರಿಸಿಕೊಂಡು ನಡುಗುತ್ತಿದ್ದಳು. ಎಬ್ಬಿಸಿದರೆ ಮೂರೇ ಕಾಲು.

"ಒಂದೇ ಒಂದು ಮಗ್ಗ," ಎಂದು ತಮ್ಮನನ್ನು ಕೇಳಿದೆ.

"ಅಪ್ಪ ಇದ್ದಾಗಿಂದ ಓಡ್ಸಿಲ್ಲ ಅಕ್ಕಾ. ನಾಯಿಗೋಸ್ಕರ ಓಡ್ಸು ಅಂತ ನೀನೇ ಹೇಳ್ತೀಯಾ?"

ಹೋಗಿ ಡೈಸಿಯ ಪಕ್ಕ ಕೂತೆ. ರಿವ್ಯೂ ಹತ್ತಿರ ಬಂದಿತ್ತು. ಕಷ್ಟಪಟ್ಟು ಗಳಿಸಿದ್ದು ಒಂದೇ ದಿನದಲ್ಲಿ ಕೈಬಿಡುತ್ತದೇನೋ ಎಂದು ಕೂತಿರುವಾಗ ಅಡುಗೆಮನೆಯಿಂದ ಘರ್ರ್ ಎಂದು ವೆಟ್ ಗ್ರೈಂಡರ್ ಶುರುವಾಯಿತು. ನೆನೆದ ಅಕ್ಕಿಯ ಮೇಲೆ ಕಲ್ಲು ಸುತ್ತುವ ಸದ್ದು, ಅದರ ಜೊತೆಗೆ ಬೆಲ್ಟಿನ ಟಕ್ ಟಕ್. ತಮ್ಮನ ಹೆಂಡತಿ ಬಾಗಿಲಿಗೆ ಬಂದು, "ಕರ್ಕೊಂಡ್ ಬನ್ನಿ ಅತ್ತಿಗೆ. ಗ್ರೈಂಡರ್‌ಗೆ ಅಮಾವಾಸ್ಯೆ ಇಲ್ಲ," ಎಂದಳು. ನಾಯಿಯನ್ನು ಒಳಗೆ ಸೇರಿಸಬೇಡಿ ಎಂದವಳ ಅಡುಗೆಮನೆಯಲ್ಲಿ ಡೈಸಿ ಆ ದಿನವಿಡೀ ಮಲಗಿದಳು. ನಾವು ವಾರವಿಡೀ ದೋಸೆ ತಿಂದೆವು.

ರಿವ್ಯೂಗೆ ಮೂವರೂ ಹೊರಟೆವು. ತಮ್ಮ ಕಾರು ಓಡಿಸಿದ. ಅವನ ಹೆಂಡತಿ ಹೊಸ ಸೀರೆ ಉಟ್ಟಿದ್ದಳು. ಕ್ಲಿನಿಕ್ಕಿನಲ್ಲಿ ಎ.ಸಿ., ಹೊಳೆಯುವ ಟೈಲ್ಸ್, ಪಿಸುಮಾತು. ಬಾಗಿಲು ದಾಟುವಾಗಲೇ ನನಗೆ ಗೊತ್ತಾಯಿತು. ಡೈಸಿಯ ಕಿವಿ ಹಿಂದಕ್ಕೆ ಅಂಟಿತು, ಬಲಗಾಲು ಮೇಲೆ ಹೋಯಿತು. ಮೂರು ಕಾಲಲ್ಲಿ ಕುಪ್ಪಳಿಸಿ ಬೆಂಚಿನ ಕೆಳಗೆ ಸೇರಿಕೊಂಡಳು.

ಡಾಕ್ಟರಮ್ಮ ಅದನ್ನು ನೋಡಿದರು. ಟೇಪ್ ಹಿಡಿದು ತೊಡೆ ಅಳೆದರು, ಹುಬ್ಬೇರಿಸಿದರು. "ಮಾಂಸ ಬಂದಿದೆ. ಆದರೆ ಊರ್ತಿಲ್ಲವಲ್ಲ."

"ಮನೆಯಲ್ಲಿ ಊರುತ್ತಾಳೆ ಡಾಕ್ಟರ್."

"ಎಲ್ಲರೂ ಹಾಗೇ ಹೇಳ್ತಾರೆ ಮೇಡಂ," ಎಂದರು, ಒರಟಾಗಿಯಲ್ಲ, ಕರುಣೆಯಿಂದ. ಅದೇ ನನ್ನನ್ನು ಚುಚ್ಚಿತು. ನೆಲದ ದೂಳನ್ನು ನಾನು ಎಲ್ಲಿಂದ ತಂದು ತೋರಿಸಲಿ?

ಆಗ ತಮ್ಮನ ಹೆಂಡತಿ ಪರ್ಸಿನಿಂದ ಮೊಬೈಲ್ ತೆಗೆದಳು. "ನಾನು ದಿನಾ ವಿಡಿಯೋ ತೆಗ್ದಿದ್ದೀನಿ. ನಮ್ ಅಕ್ಕತಂಗೀರೆಲ್ಲ ನೋಡ್ತಾರೆ, ಸ್ಟೇಟಸ್ ಹಾಕ್ತೀನಲ್ಲ," ಎಂದು ನನ್ನ ಮುಖ ನೋಡದೆ ಹೇಳಿ, ತಮಿಳಿನಲ್ಲಿ "ಪಾರುಂಗ ಡಾಕ್ಟರ್", ನೋಡಿ ಡಾಕ್ಟರ್ ಎಂದು, ಮೊಬೈಲನ್ನು ಅವರ ಕೈಗೆ ಕೊಟ್ಟಳು. ಮಗ್ಗದ ಮನೆಯವರ ಮೊಬೈಲಿನ ವಾಲ್ಯೂಮ್ ಯಾವಾಗಲೂ ತುದಿಯಲ್ಲೇ ಇರುತ್ತದೆ. ವಿಡಿಯೋ ಶುರುವಾದದ್ದೇ ಆ ಶಾಂತ ಕ್ಲಿನಿಕ್ಕಿನೊಳಗೆ ನಮ್ಮ ಶೆಡ್ ಬಂದು ನಿಂತಿತು. ಖಟ್-ಖಟ, ಖಟ್-ಖಟ. ಕಾಯುತ್ತಿದ್ದ ಒಂದು ಬೆಕ್ಕು ಬುಟ್ಟಿಯೊಳಗೆ ಉಬ್ಬಿಕೊಂಡಿತು.

ಡಾಕ್ಟರಮ್ಮ ಸ್ಕ್ರೀನ್ ನೋಡುತ್ತಿದ್ದರು. ನಾನು ಬೆಂಚಿನ ಕೆಳಗೆ ನೋಡುತ್ತಿದ್ದೆ.

ಮೊದಲು ಕಿವಿ ಎದ್ದವು. ಆಮೇಲೆ ತಲೆ. ಡೈಸಿ ತೆವಳಿಕೊಂಡು ಹೊರಬಂದು, ಮೈ ಕೊಡವಿ, ಡಾಕ್ಟರ ಕೈಯಲ್ಲಿದ್ದ ಸದ್ದಿನ ಕಡೆ ಹೊರಟಳು. ಮುಂಗಾಲು, ಮುಂಗಾಲು, ಎಡ ಹಿಂಗಾಲು. ಬಲಗಾಲು ಇಳಿಯಿತು. ಟೈಲ್ಸಿನ ಮೇಲೆ ಒಂದಿಷ್ಟು ಜಾರಿತು. ಬೆರಳು ಅಗಲಿಸಿ, ಹಿಡಿದು, ನಿಂತಳು. ಮತ್ತೆ ಇಟ್ಟಳು. ಡಾಕ್ಟರಮ್ಮನ ಮಂಡಿಗೆ ಮೂಗು ತಾಗಿಸಿ ನಾಲ್ಕು ಕಾಲಲ್ಲೂ ನಿಂತುಕೊಂಡಳು.

"ಡಾಕ್ಟರ್," ಎಂದೆ. "ಫೋನಲ್ಲಿ ಬೇಡ. ಕೆಳಗೆ ನೋಡಿ."

ಅವರು ಕೆಳಗೆ ನೋಡಿದರು. ನಂತರ ಬಗ್ಗಿ ಅವಳ ಪಂಜದ ಕೆಳಗೆ ಒಂದು ಕಾಗದ ತೂರಿಸಿ ಎಳೆದರು. ಭಾರ ಬಿದ್ದಿದ್ದರೆ ಕಾಗದ ಬರುವುದಿಲ್ಲ. ಬರಲಿಲ್ಲ. "ಇದು ಇವಳದೇ ಕಾಲು. ಇವಳ ಹತ್ತಿರವೇ ಇರಲಿ," ಎಂದರು.

ತಮ್ಮ ಗೋಡೆಯ ಕಡೆ ತಿರುಗಿ ನಿಂತು ಕಣ್ಣು ಒರೆಸಿಕೊಂಡ. ದೂಳು ಎಂದ. ಎ.ಸಿ. ಕ್ಲಿನಿಕ್ಕಿನಲ್ಲಿ ದೂಳು.

ಮುಂದೆ ಅವಳಿಗೆ ಮನೆ ಹುಡುಕುವ ಕೆಲಸ. ರೆಸ್ಕ್ಯೂ ಹುಡುಗಿ ಖುಷಿಯಿಂದ ವಾಲ್ಪಾರೈನ ಒಂದು ಬಂಗಲೆಯ ಫೋಟೋ ಕಳುಹಿಸಿದಳು. ಟೀ ತೋಟ, ಮಂಜು, ದೊಡ್ಡ ಲಾನ್. "ಅಲ್ಲಿ ಹಕ್ಕಿ ಸದ್ದು ಬಿಟ್ಟರೆ ಏನೂ ಇಲ್ಲ ಆಂಟಿ, ಹೆವನ್." ನಾನು ಫೋಟೋವನ್ನು ಬಹಳ ಹೊತ್ತು ನೋಡಿದೆ. ಅದು ನನ್ನ ಹೆವನ್. ಡೈಸಿಯದಲ್ಲ. ಬೇಡ ಎಂದೆ. ಅವಳು ಹೋದದ್ದು ಅನ್ನೂರಿನ ಒಂದು ಸಣ್ಣ ನೂಲಿನ ಮಿಲ್ಲಿನ ಕ್ವಾರ್ಟರ್ಸಿಗೆ. ಮಿಲ್ಲಿನ ಫಿಟ್ಟರ್, ಅವನ ಹೆಂಡತಿ. ಗೋಡೆಯಾಚೆ ಹಗಲೂ ರಾತ್ರಿ ಯಂತ್ರ ತಿರುಗುತ್ತದೆ. ಕಾರಿನಿಂದ ಇಳಿದವಳು ಕಿವಿ ನಿಮಿರಿಸಿ, ನನ್ನನ್ನು ಒಮ್ಮೆ ನೋಡಿ, ಒಳಗೆ ನಡೆದುಕೊಂಡು ಹೋದಳು. ಹಿಂತಿರುಗಿ ನೋಡಲಿಲ್ಲ. ಅಷ್ಟು ಚೆನ್ನಾಗಿ ನಡೆಯುವವಳು ಹಿಂತಿರುಗಿ ನೋಡಲಿ ಎಂದು ನಾನು ಬಯಸಿದ್ದೂ ಸುಳ್ಳಲ್ಲ.

ಕೆಲವು ದಿನ ಓಣಿ ಗುಡಿಸಲು ನನಗೆ ಕೈ ಬರಲಿಲ್ಲ. ಬಿಳೀ ದೂಳು ಬೀಳುತ್ತ ಬೀಳುತ್ತ ಗುರುತನ್ನು ತಾನೇ ಮುಚ್ಚಿತು.

ಆಮೇಲೊಂದು ಬೆಳಿಗ್ಗೆ ಫಿಟ್ಟರನ ಹೆಂಡತಿಯ ಫೋನ್. ಧ್ವನಿಯಲ್ಲಿ ಗಾಬರಿ. "ಅಮ್ಮಾ, ಇವತ್ತು ಮಿಲ್ ರಜೆ. ಡೈಸಿ ಬೆಳಗಿನಿಂದ ಮೂಲೆ ಬಿಟ್ಟು ಏಳ್ತಿಲ್ಲ. ಕಾಲು ಮತ್ತೆ ಮೇಲೆ ಎತ್ತಿಕೊಂಡಿದ್ದಾಳೆ. ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಲಾ?"

ಅಂಗಳದಾಚೆ ನಮ್ಮ ಮಗ್ಗಗಳು ಓಡುತ್ತಿದ್ದವು. ನನಗೆ ಎಷ್ಟೋ ದಿನದ ಮೇಲೆ ಅವುಗಳ ಸದ್ದು ಕೇಳಿಸಿತು.

"ಡಾಕ್ಟರ್ ಬೇಡಮ್ಮ," ಎಂದೆ. "ಗ್ರೈಂಡರ್‌ಗೆ ಅಕ್ಕಿ ನೆನೆಹಾಕಿದ್ದೀಯಾ?"